ಎರಡು ಸೀಟಿ

ಯಾಕೆ ನಗ್ತೀಯ ಅಕ್ಕಾ? ಓ... ಕೆನ್ನೆ ಮೇಲೆ ದಿಂಬಿನ ಗೆರೆ! ನಗು, ನಗು. ಹಾಡಹಗಲೇ ಮಲಗಿದ್ದೆ, ಹೂಂ. ಎಷ್ಟು ಹೊತ್ತು ಬಾಗಿಲು ಬಡಿದೆಯೋ ಏನೋ. ಕೂತ್ಕೋ... ಆ ಕುರ್ಚಿ ಬೇಡ, ಒದ್ದೆ ಬಟ್ಟೆ ಇದೆ.

ಶ್! ಮೆಲ್ಲಗೆ. ಇವರು ರೂಮಲ್ಲಿ ಮಲಗಿದಾರೆ. ಈಗಷ್ಟೇ ಕಣ್ಣು ಹತ್ತಿದೆ. ಆಮೇಲೆ ನೋಡುವಿಯಂತೆ, ಎಲ್ಲಿ ಓಡಿಹೋಗ್ತಾರೆ?

ಹೇಗಿದಾರಾ? ಎಲ್ಲರೂ ಅದನ್ನೇ ಕೇಳ್ತಾರೆ ನೋಡು. ನೀನು ಹೇಗಿದೀಯ ಅಂತ ಒಂದು ನರಪಿಳ್ಳೆ ಕೇಳಲ್ಲ. ಮಗಳು ಫೋನ್ ಮಾಡಿ ‘ತಾಳ್ಮೆ ಇರಲಿ ಅಮ್ಮಾ’ ಅಂತಾಳೆ. ತಾಳ್ಮೆ ಏನು ಅಂಗಡೀಲಿ ತೂಗಿ ಕೊಡ್ತಾರಾ?

ಆ ಖಾಲಿ ಮೊಳೇನ ಯಾಕೆ ನೋಡ್ತೀಯ? ಅಲ್ಲಿ ತೂಗ್ತಿದ್ದ ಸೀಟೀನಾ? ಅವರ ಕೊರಳಲ್ಲೇ ಇದೆ. ಜೀವಮಾನವೆಲ್ಲ ಬಸ್ಸಲ್ಲಿ ಟಿಕೆಟ್ ಹರಿದ ಮನುಷ್ಯ, ಮಿಕ್ಕಿದ್ದೆಲ್ಲ ಮರೆತರೂ ಅದೊಂದು ಮರೆತಿಲ್ಲ. ನಾನು ಅಡುಗೆಮನೆಗೆ ಹೋಗಬೇಕಾದ್ರೆ ಹೊಸ್ತಿಲಲ್ಲಿ ಅಡ್ಡ! ‘ಟಿಕೆಟ್ ತಗೊಂಡ್ರಾ ಅಮ್ಮಾ?’ ನನ್ನನ್ನ ಅಕ್ಕಾ, ಕಟ್ಟಿಕೊಂಡ ಹೆಂಡತೀನ! ಕ್ಯಾಲೆಂಡರ್ ಹಾಳೆ ಹರಿದು ಕೈಗೆ ಕೊಡ್ತಾರೆ. ಒಂದು ಸೀಟಿ ಊದಿದ್ರೆ ನಾನು ನಿಲ್ಲಬೇಕು. ಎರಡು ಊದಿದ್ರೆ ಹೊರಡಬೇಕು. ಮೊದಮೊದಲು ಹೊಟ್ಟೆ ಹಿಡ್ಕೊಂಡು ನಕ್ಕೆ. ಆಮೇಲೆ... ರಾತ್ರಿಯೆಲ್ಲ ಸೀಟಿ ಅಕ್ಕಾ. ರಾತ್ರಿಯೆಲ್ಲ. ಕಿವೀಲಿ ಹತ್ತಿ ತುರುಕಿದ್ರೂ ಒಳಗಡೆ ಊದ್ತಾನೇ ಇರುತ್ತೆ.

ಏನು ಹುಡುಕ್ತಿದೀಯ? ಅವರ ಚಪ್ಪಲೀನಾ? ಅದು... ತೊಳೆದು ಒಣಗೋಕೆ ಇಟ್ಟಿದೀನಿ. ಹಿತ್ತಲಲ್ಲಿ. ಯಾಕೆ ಹಾಗೆ ನೋಡ್ತೀಯ? ಟೀಗೆ ಸಕ್ಕರೆ ಹಾಕ್ಲಾ, ಬೇಡ್ವಾ? ಎದ್ದೆ ಯಾಕೆ? ಅಕ್ಕಾ... ರೂಮಿನ ಬಾಗಿಲು ತೆಗೀಬೇಡ. ಎಚ್ಚರ ಆಗುತ್ತೆ. ಅಕ್ಕಾ, ನಿನ್ನ ಕಾಲು ಹಿಡ್ಕೋತೀನಿ, ತೆಗೀಬೇ...

...

ಹೂಂ, ಮಂಚ ಖಾಲಿ. ಇವರು ಮನೇಲಿಲ್ಲ.

ನಾನು ಬಿಟ್ಟು ಬರಬೇಕು ಅಂತ ಹೋಗಲಿಲ್ಲ. ನಮ್ಮಮ್ಮನಾಣೆ. ಬೆಳಿಗ್ಗೆ ‘ಡ್ಯೂಟಿಗೆ ಹೊತ್ತಾಯ್ತು’ ಅಂತ ಒಂದೇ ರಂಪ. ಬಸ್ಸಲ್ಲಿ ಒಂದು ಸುತ್ತು ಹೊಡೆಸಿದ್ರೆ ಸಮಾಧಾನ ಆಗ್ತಾರೆ ಅಂತ ಕರ್ಕೊಂಡು ಹೋದೆ. ಮಾರ್ಕೆಟ್ ಹತ್ರ ನಾನು ಮೊದಲು ಇಳಿದೆ. ಕೈ ಕೊಡೋಣ ಅಂತ ತಿರುಗಿದ್ರೆ, ಇವರು ಮೆಟ್ಟಿಲ ಮೇಲೆ ನಿಂತು ಎರಡು ಸೀಟಿ ಊದಿಬಿಟ್ಟರು. ಡ್ರೈವರ್‌ಗೇನು ಗೊತ್ತು? ಹೊರಟೇಬಿಟ್ಟ. ಒಂದು ಕೂಗು ಹಾಕಿದ್ರೆ ನಿಲ್ತಿತ್ತು. ಬಾಯೇ ಬರಲಿಲ್ಲ... ಇಲ್ಲ. ಬಂದಿತ್ತು. ನಾನೇ ತೆಗೀಲಿಲ್ಲ. ಬಾಗಿಲಲ್ಲಿ ನಿಂತು ಕೈ ಬೀಸಿದ್ರು ಅಕ್ಕಾ. ಎಷ್ಟು ಖುಷಿ ಆ ಮುಖದಲ್ಲಿ!

ಮನೆಗೆ ಬಂದು ಡಿಪೋಗೆ ಫೋನ್ ಮಾಡೋಣ, ಅದಕ್ಕೆ ಮುಂಚೆ ಒಂದು ಗಳಿಗೆ ಕಾಲು ಚಾಚೋಣ ಅಂದ್ಕೊಂಡೆ. ಮನೆ ಸದ್ದಿಲ್ಲದೆ ಬಿದ್ದಿತ್ತು. ಎಂಥಾ ನಿದ್ದೆ ಬಂತು ಅಂತೀಯ... ಒಂದು ಕನಸೂ ಇಲ್ಲ. ನೀನು ಬಾಗಿಲು ಬಡಿಯೋವರೆಗೂ.

ಬೈಯಿ ಅಕ್ಕಾ. ಎರಡು ಬಾರಿಸು ಬೇಕಾದ್ರೆ. ತಗೋ ಫೋನು, ಡಿಪೋಗೆ ನೀನೇ ಮಾಡು. ನೀಲಿ ಶರಟು ಅಂತ ಹೇಳು. ಕೊರಳಲ್ಲಿ ಸೀಟಿ ಇದೆ ಅಂತ ಹೇಳು.

ಯಾಕೆ, ಮತ್ತೆ ಕೆನ್ನೇನೇ ನೋಡ್ತಿದೀಯ?

ಆ ಗೆರೆ ಇನ್ನೂ ಹೋಗಿಲ್ವಾ?