ಬಲ್ಲವರ ಎರಡು ಪತ್ರ

ಒಹಾಯೋದ ಒಂದು ವೈದ್ಯಕೀಯ ಕಾಲೇಜಿನಲ್ಲಿ, ವಿದ್ಯಾರ್ಥಿಗಳಿಗೆ ಶುಲ್ಕದ ನೆರವು ಕೊಡುವ ಕಚೇರಿಯಲ್ಲಿ, ವೆಂಡೆಲ್ ಸರದಿಗಾಗಿ ಕಾಯುತ್ತಿದ್ದ. ತೊಡೆಯ ಮೇಲೆ ಅರ್ಜಿಯ ಜೊತೆ ಕೊಡಬೇಕಾದ, ಅಪ್ಪ ಸಹಿ ಹಾಕಿದ ತೆರಿಗೆ ಕಾಗದ. ಅದಕ್ಕಾಗಿ ಬೆಳಿಗ್ಗೆಯಷ್ಟೇ ಅಪ್ಪನೊಂದಿಗೆ ಜಗಳವಾಡಿದ್ದ. ಮುಂದೆ ಕಿಟಕಿಯ ಬಳಿ ಅವನ ತರಗತಿಯ ಟ್ಯಾಮ್ಸಿನ್ ನಿಂತಿದ್ದಳು. ಒಳಗೆ ಅಧಿಕಾರಿ ಪ್ರೂಯಿಟ್ ಮೇಡಂ.

“ಅಪ್ಪ ಅಮ್ಮನ ಆದಾಯದ ಹಾಳೆ ಖಾಲಿ ಬಿಟ್ಟಿದ್ದೀಯಲ್ಲಮ್ಮ.”

“ನಂಗೀಗ ಮೂವತ್ತೊಂದು, ಮೇಡಂ.”

“ಐವತ್ತಾದ್ರೂ ಕಾಲೇಜು ಕೇಳುತ್ತೆ.”

“ಹದಿನಾರಕ್ಕೇ ಮನೆ ಬಿಟ್ಟೆ. ಅವರು ಎಲ್ಲಿದ್ದಾರೋ ಗೊತ್ತಿಲ್ಲ.”

“ಹಾಗಂತ ಬರೆದುಕೊಡೋಕೆ ಇಬ್ರು ಬೇಕು. ಆಗಿನಿಂದ ನಿನ್ನ ಬಲ್ಲವರು. ಮೇಷ್ಟ್ರು, ಪಾದ್ರಿ, ಯಾರಾದ್ರೂ ಸರಿ.”

“ಸಾಕಿದ ವರ್ನಾ ಆಂಟಿ ಇದ್ರು. ಹೋದ ಚಳಿಗಾಲ ತೀರ್ಕೊಂಡ್ರು.”

“ಇನ್ಯಾರೂ ಇಲ್ವಾ?”

“ನಂಗ್ಯಾರೂ ಇಲ್ಲ ಅಂತ ಹೇಳೋಕೂ ಇಬ್ರು ಇರಬೇಕಾ?”

“ಇರು. ತುರ್ತಿಗೆ ಕರೆಯೋಕೆ ಅಂತ ಯಾರದ್ದೋ ಹೆಸರು ಕೊಟ್ಟಿರ್ತೀಯಲ್ಲ, ಅವರನ್ನೇ ಕೇಳೋಣ.”

“ಬೇಡ ಮೇಡಂ, ನೋಡ್ಬೇಡಿ.”

ಪ್ರೂಯಿಟ್ ಆಗಲೇ ಕಂಪ್ಯೂಟರಿನಲ್ಲಿ ನೋಡಿಯಾಗಿತ್ತು.

“ಇದು ನನ್ನ ಹೆಸರಲ್ವೇನೆ?”

“ಆ ಜಾಗ ಖಾಲಿ ಬಿಟ್ರೆ ಅರ್ಜಿ ಮುಂದಕ್ಕೇ ಹೋಗ್ತಿರ್ಲಿಲ್ಲ. ಇಲ್ಲೇ ಕೂತು ತುಂಬ್ತಿದ್ದೆ, ನಿಮ್ಮ ಹೆಸರು ಬಾಗಿಲ ಮೇಲೆ ಕಾಣ್ತಿತ್ತು.”

ಪ್ರೂಯಿಟ್ ಕಿಟಕಿ ಮುಚ್ಚಿ, ಪಕ್ಕದ ಬಾಗಿಲು ತೆರೆದು ಅವಳನ್ನು ಒಳಗೆ ಕರೆದರು. ಅವಳು ಎದುರಿನಿಂದ ಹಾದುಹೋಗುವಾಗ ವೆಂಡೆಲ್ ಅಪ್ಪನ ಸಹಿಯನ್ನು ಅಂಗೈಯಿಂದ ಮುಚ್ಚಿದ.