ಕುದುರೆಲಾಯದ ರಾಣಿಯನ್ನು ಕೇಳಿದ ಅಜ್ಜಿ

...ಇಲ್ಲಕ್ಕಾ, ನೀವು ಹೋಗೋದು ಬೇಡವೇ ಬೇಡ! ಫೋನ್ ಮಾಡಿ ನನ್ನ ಪುಸ್ತಕ ಕೇಳ್ತಿರೋ, ಹಾಸಿಗೆ ಹಿಡಿದಿರೋ ಅಜ್ಜಿ, ಪಾಪ, ಅವರ ಬಾಗಿಲು ಬಡಿದು ಪುಸ್ತಕ ಕೊಟ್ಟು... ಯಾಕೆ ನಗ್ತಿದೀರಿ? ನನ್ನ ತುಟಿಬಣ್ಣ ಹೆಚ್ಚಾಯ್ತಾ? ಆಗಿರತ್ತೆ ಬಿಡಿ. ತನ್ನ ಪುಸ್ತಕ ಬಿಡುಗಡೆ ಆಗೋ ದಿನ ಯಾವ ಲೇಖಕಿಗೆ ಕನ್ನಡಿ ಮುಂದೆ ಅಳತೆ ತಪ್ಪಲ್ಲ ಹೇಳಿ?

ಅಲ್ಲ, ಇಷ್ಟು ದೊಡ್ಡ ಲೈಬ್ರರಿ ನೋಡ್ಕೊಳ್ಳೋರು ನೀವು. ಇನ್ನೇನು ಆ ಹಾಲ್ ತುಂಬತ್ತೆ, ಮೈಕ್ ಬೇರೆ ಗೊರಗೊರ ಅಂತಿದೆ. ನೀವು ನೋಡಿದ್ರೆ ಕೌಂಟರ್ ಹಿಂದೆ ಕೂತು ಒಂದು ಪ್ರತಿಗೆ ಬೈಂಡ್ ಹಾಕ್ತಿದೀರಿ... ಅಜ್ಜಿಗೆ ಅಂತ! ಕಣ್ಣು ಮಂಜು ಅಂತ ದಪ್ಪಕ್ಷರದಲ್ಲಿ ಪುಸ್ತಕದ ಹೆಸರು ಬೇರೆ ಬರೀತಿದೀರಿ. ಮುಂದಿನ ಸಲ ಫೋನ್ ಬಂದಾಗ ವಿಳಾಸ ಕೇಳ್ತೀರಾ? ಯಾಕಕ್ಕಾ... ಇಷ್ಟು ದಿನ ಕೊಡದೇ ಇದ್ದೋರು ಈಗ ಕೊಡ್ತಾರಾ?

ನೀವು ಮಾಡಿದ ಉಪಕಾರ ಮರೆಯೋಳಲ್ಲ ನಾನು. ಪುಸ್ತಕ ಆರಿಸೋ ಆ ಸಮಿತಿ ಮಹಾಶಯರು 'ಈ ರಾಜ-ರಾಣಿ ಪ್ರೇಮ ಯಾರು ಓದ್ತಾರೆ' ಅಂತ ಮೂಗು ಮುರಿದಾಗ ನೀವು ಎದ್ದು ನಿಂತ್ರಂತೆ. 'ನನಗೊಬ್ಬರು ಓದುಗರು ಗೊತ್ತು. ಏಳೋಕಾಗಲ್ಲ, ಈ ಪುಸ್ತಕಕ್ಕೋಸ್ಕರ ಜೀವ ಹಿಡ್ಕೊಂಡಿದಾರೆ. ನನ್ನ ಮಾತಿನ ಮೇಲೆ ತಗೊಳ್ಳಿ' ಅಂದ್ರಂತೆ! ಎಲ್ಲಾ ಶಾಖೆಗೂ ತಗೊಂಡ್ರು. ಇಲ್ದಿದ್ರೆ... ಪ್ರಕಾಶಕರು ಆಗಲೇ ಹೇಳ್ಬಿಟ್ಟಿದ್ರು, ಲೈಬ್ರರಿಯವರು ಕೈ ಬಿಟ್ರೆ ಇದೇ ನಿಮ್ಮ ಕೊನೇ ಕಾದಂಬರಿ ಅಂತ.

ಆ ಪ್ರಕಾಶಕ ಮಹಾನುಭಾವನ ವಿಷಯ ಕೇಳಿ, ನಗು ಬರತ್ತೆ. ಈ ಪುಸ್ತಕಕ್ಕೆ ನಾನಿಟ್ಟ ಹೆಸರೇ ಇದಲ್ಲ ಅಕ್ಕಾ! 'ಕುದುರೆಲಾಯದ ರಾಣಿ' ಅಂತ ಇಟ್ಟಿದ್ದೆ. ರಾಣಿ ಲಾಯದವನನ್ನ ಮೆಚ್ಚೋ ಕಥೆ, ಇನ್ನೇನಿಡ್ಲಿ? 'ಅಮ್ಮಾ, ಮುಖಪುಟದಿಂದಲೇ ಲದ್ದಿ ವಾಸನೆ ಬರತ್ತೆ' ಅಂದುಬಿಟ್ರು! ಅಚ್ಚಿಗೆ ಹೋಗೋ ಮುಂಚೆ 'ಅರಮನೆಯ ಹಿಂಬಾಗಿಲು' ಅಂತ ಬದಲಾಯಿಸಿದ್ರು. ಹಳೇ ಹೆಸರು ನನ್ನನ್ನ, ಅವರನ್ನ ಬಿಟ್ರೆ ನರಪಿಳ್ಳೆಗೂ ಗೊತ್ತಿಲ್ಲ...

ಏನಕ್ಕಾ? ಪೆನ್ನು ಯಾಕೆ ಕೆಳಗಿಟ್ರಿ?

ಅಜ್ಜಿ... ಆ ಹೆಸರು ಹೇಳೇ ಕೇಳಿದ್ರಾ? ಮೊದಲಿಂದಲೂ? ಬರೆದೋರು ನಾನು ಅಂತಲೂ ಹೇಳಿದ್ರಿಂದ, ಪುಸ್ತಕದ ಹೆಸರು ತಪ್ಪು ಹೇಳ್ತಿದಾರೆ ಅಂದ್ಕೊಂಡಿದ್ರಾ? ಹೌದಾ... ನೋಡಿ ಮತ್ತೆ! ನಮ್ಮ ಪ್ರಕಾಶಕರ ನಾಲಿಗೆಗೆ ಎಲುಬೇ ಇಲ್ಲ. ಯಾರ ಹತ್ರನೋ ಅಂದಿರ್ತಾರೆ, ಅದು ಅಜ್ಜಿ ಕಿವಿಗೂ ಬಿದ್ದಿರತ್ತೆ. ಕಣ್ಣು ಮಂಜಾದ್ರೇನು, ಕಿವಿ ಚುರುಕು ಅವರಿಗೆ... ಅಂದ್ರೆ, ಇರ್ಬಹುದು ಅಂದೆ. ನಾನೇನು ಕಂಡಿದೀನಾ ಅವರನ್ನ?

ಬೆವರಾ? ಫ್ಯಾನ್ ತಿರುಗ್ತಿಲ್ಲ, ಅದಕ್ಕೆ. ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಲಿ!

ಮುಖ ಹಾಗೆ ಮಾಡ್ಕೋಬೇಡಿ ಅಕ್ಕಾ. ಒಂದು ಹೆಸರಿಗೋಸ್ಕರ ತಲೆ ಕೆಡಿಸ್ಕೋತಾರಾ? ಮೊದಲೇ ನೊಂದಿರೋ ಜೀವ ನೀವು. ಒಡಹುಟ್ಟಿದ ತಂಗಿ, ಅಮ್ಮನ ಕೊನೆಗಾಲಕ್ಕೆ ನೀವು ಬರ್ಲಿಲ್ಲ ಅಂತ ಮಾತೇ ಬಿಟ್ಟು... ತನ್ನ ಮಗಳ ಮದುವೆಗೂ ಕರೀದೆ... ನೀವು ಅವತ್ತು ಆಚೆ ರಸ್ತೇಲಿ ಬಸ್ಸಿಗೆ ಕಾಯೋರ ಥರ ನಿಂತು, ಹುಡುಗೀನ ದೂರದಿಂದ ನೋಡಿ ವಾಪಸ್ ಬಂದ್ರಿ...

...

ನೀವೇ ಹೇಳಿದ್ರಲ್ಲ. ನನಗೆ. ಹೇಳಿದ್ರಿ ಅಕ್ಕಾ... ಟೀ ಕುಡೀವಾಗ... ಇಲ್ವಾ?

ಫೋನಲ್ಲಿ ಅಜ್ಜಿ ಹತ್ರ ಬಿಟ್ರೆ ಬೇರೆ ಯಾರ ಹತ್ರನೂ ಹೇಳಿರ್ಲಿಲ್ವಾ?

...

ಒಂದೇ ಸಲ ಅಂದ್ಕೊಂಡಿದ್ದೆ. ದೇವರಾಣೆಗೂ ಒಂದೇ ಸಲ. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು, ದನಿ ನಡುಗಿಸಿ, ಪುಸ್ತಕ ಕೇಳಿ ಫೋನ್ ಇಟ್ಬಿಡೋಣ ಅಂತ. ನೀವು 'ಊಟ ಆಯ್ತಾ ಅಜ್ಜಿ?' ಅಂದುಬಿಟ್ರಿ. ನನ್ನನ್ನ ಹಾಗೆ ಯಾರು ಕೇಳ್ತಾರೆ? ಮತ್ತೆ ಮಾಡಿದೆ. ಮತ್ತೆ... ಒಂದಿನ ನೀವು ತಂಗಿ ವಿಷಯ ಹೇಳಿ ಅತ್ರಿ. ಆಗಲಾದ್ರೂ ನಿಜ ಹೇಳ್ಬೇಕಿತ್ತು. ಹೇಳ್ಲಿಲ್ಲ. 'ಅಳಬೇಡ ಮಗಳೇ' ಅಂದೆ! ನಿಮಗಿಂತ ಚಿಕ್ಕವಳು ನಾನು, ನಿಮ್ಮನ್ನ ಮಗಳೇ ಅಂದೆ. ನಾಚಿಕೇಲಿ ಸಾಯ್ತಿದೀನಿ ಅಕ್ಕಾ... ಅತ್ತಿದ್ದು ನಾಟಕ ಅಲ್ಲ. ಆ ಕಡೆ ನಾನೂ ಅತ್ತೆ. ಅದೊಂದು ನಂಬಿ... ಹೇಗೆ ನಂಬ್ತೀರಿ, ಬಿಡಿ.

ಹಾಲ್‌ನಲ್ಲಿ ನನ್ನನ್ನ ಕರೀತಿದಾರೆ. ನಾನು ಹೋಗಲ್ಲ. ಬೈಯಿರಿ, ಕೂಗಾಡಿ, ಸುಮ್ನೆ ಹಾಗೆ ನೋಡ್ಬೇಡಿ... ಅಕ್ಕಾ?

ಆಯ್ತು, ನನ್ನ ಹತ್ರ ಬೇಡ. ಆ ಅಜ್ಜಿ ಹತ್ರನಾದ್ರೂ ಒಂದು ಮಾತಾಡಿ.