ಆರು ಗೀಟಿನ ಸೋಪು

ಆ ಬಾಗಿಲು ಒಂಚೂರು ಮುಂದೆ ಮಾಡು... ಚಿಲಕ ಬೇಡ, ಸುಮ್ನೆ ಮುಂದೆ ಮಾಡಿದ್ರೆ ಸಾಕು. ಮಕ್ಕಳು ಮಲಗಿದ್ವಾ? ಸರಿ, ಹತ್ತಿರ ಬಾ.

ಇದು ಯಾರೋ ಯಾರಿಗೋ ಹೇಳಿದ್ದಲ್ಲ ಕಣೇ. ನಮ್ಮ ಭಾವನಿಗೇ ಆಗಿದ್ದು, ನನ್ನ ಸ್ವಂತ ಅಕ್ಕನ ಗಂಡನಿಗೆ. ಕಾರು ರಿಪೇರಿ ಮಾಡ್ತಾರಲ್ಲ, ಅವರೇ. ದೆವ್ವ ಅಂದ್ರೆ ಹಲ್ಲು ಬಿಟ್ಟು ನಗೋ ಆಸಾಮಿ. "ಬದುಕಿರೋ ಗಿರಾಕಿಗಳ ಕಾಟಾನೇ ಸಾಕು, ಸತ್ತೋರಿಗೆ ನನ್ನ ಹತ್ರ ಟೈಮಿಲ್ಲ" ಅಂತಿದ್ರು. ಈಗ ನಗಲ್ಲ.

ಹೋದ ವರ್ಷ. ರಾತ್ರಿ ಹನ್ನೆರಡೂವರೆ. ಗ್ಯಾರೇಜಿಗೆ ಬೀಗ ಹಾಕ್ಕೊಂಡು ಭಾವ ನಡ್ಕೊಂಡೇ ಮನೆಗೆ ಹೊರಟಿದ್ರು. ದಾರೀಲಿ ಒಂದು ಹಾಳು ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ, ಒಂದು ಮೂಲೆ ತುಕ್ಕು ತಿಂದು ಕೈ ತೂರೋಷ್ಟು ಸಂದಿ ಆಗಿದೆ. ಭಾವ ಅಲ್ಲಿ ನಿಂತ್ರು. ಆ ಕಡೆ ಈ ಕಡೆ ನೋಡಿದ್ರು. ಜೇಬಿಂದ ಒಂದು ಸೋಪಿನ ಬಿಲ್ಲೆ ತೆಗೆದು ಆ ಸಂದೀಲಿ ಕೆಳಗೆ ಬಿಟ್ರು.

ಗುಳುಂ ಅನ್ನಬೇಕಿತ್ತು... ಅನ್ನಲಿಲ್ಲ.

ಕಿವಿಗೊಟ್ಟು ನಿಂತ್ರು. ಒಂದು ಉಸಿರು... ಎರಡು... ಮೂರು...

ಆಮೇಲೆ ತಳದಿಂದ ಬಂತು. ಕೀಂ...ಯ್ಯ್ಯ್ಯ್.

ಮೂವತ್ತು ವರ್ಷ ಎಂಜಿನ್ ಪಕ್ಕ ಬದುಕಿದ ಮನುಷ್ಯನಿಗೆ ಯಾವ ಸದ್ದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಜಿನ್ನಲ್ಲಿ ಬೆಲ್ಟು ಸುತ್ತೋ ಗಾಲಿ ಇರುತ್ತಲ್ಲ, ಪುಲ್ಲಿ ಅಂತಾರೆ, ಅದರ ಮೇಲೆ ಬೆಲ್ಟು ಜಾರುವಾಗ ಕಿರುಚುತ್ತಲ್ಲ, ಆ ಸದ್ದು. ಬಾವಿ ಒಳಗಿಂದ.

ಸೋಪು ಯಾಕೆ, ಬಾವಿಗೆ ಯಾಕೆ ಅಂತ ತಾನೇ ನಿನ್ನ ಪ್ರಶ್ನೆ? ಅಲ್ಲಿಗೇ ಬಂದೆ, ತಾಳು.

ಭಾವನಿಗೆ ಕೆಲಸ ಕಲಿಸಿದೋರು ಒಬ್ಬ ಮೇಸ್ತ್ರಿ. ಮಗನ ಹಾಗೆ ನೋಡ್ಕೊಂಡ್ರು. ಅವರ ಹತ್ರ ಒಂದು ಉದ್ದನೆ ಸ್ಕ್ರೂಡ್ರೈವರ್ ಇತ್ತು, ಮರದ ಹಿಡಿ. ಓಡ್ತಿರೋ ಎಂಜಿನ್ನಿಗೆ ಅದರ ತುದಿ ಇಟ್ಟು, ಹಿಡೀನ ಕಿವಿಗೆ ಒತ್ತಿ, ಕಣ್ಣು ಮುಚ್ಕೊಂಡು ಕೇಳೋರು. ಡಾಕ್ಟ್ರು ಎದೆಗಿಟ್ಟು ಕೇಳೋ ಹಾಗೆ. ಎಲ್ಲಿ ಸವೆದಿದೆ, ಎಲ್ಲಿ ಸಡಿಲ ಆಗಿದೆ, ಎಲ್ಲ ಗೊತ್ತಾಗೋದು. "ಬೆಲ್ಟು ಕೂಗಿದ್ರೆ ಅದರ ಬಾಯಿ ಮುಚ್ಚಬೇಡ ಮಗಾ, ಯಾಕೆ ಕೂಗ್ತಿದೆ ಅಂತ ಕೇಳು" ಅನ್ನೋರು.

ಆ ಮೇಸ್ತ್ರಿ ಒಂದು ಕಾರು ಇಟ್ಟಿದ್ರು. ಸೂಪರ್‌ಚಾರ್ಜರ್ ಇರೋದು. ಅಂದ್ರೆ, ಎಂಜಿನ್ ಬಾಯಿಗೆ ಗಾಳಿ ತುರುಕೋ ಒಂದು ಪಂಪು, ಕಾರು ಬಾಣದ ಹಾಗೆ ಹೋಗುತ್ತೆ. ಆ ಪಂಪು, ನೀರಿನ ಪಂಪು, ಸ್ಟೀರಿಂಗ್ ಹಗುರ ಮಾಡೋ ಪಂಪು, ಎಲ್ಲದಕ್ಕೂ ಸೇರಿ ಒಂದೇ ಬೆಲ್ಟು. ಒಳಮೈ ಮೇಲೆ ಉದ್ದಕ್ಕೂ ಎದ್ದು ನಿಂತ ಆರು ಗೀಟು. ಅದೊಂದು ಕೈ ಕೊಟ್ರೆ ಎಲ್ಲ ಒಟ್ಟಿಗೇ ಹೋದ ಹಾಗೆ.

ಮೂರು ವರ್ಷದ ಹಿಂದೆ ಆ ಬೆಲ್ಟು ಕೂಗೋಕೆ ಶುರು ಮಾಡ್ತು. ಮೇಸ್ತ್ರಿ ಕಣ್ಣು ಅಷ್ಟೊತ್ತಿಗೆ ಮಂಜಾಗಿತ್ತು, ಕೈ ನಡುಗೋದು. ಕಾರನ್ನ ಭಾವನ ಕೈಗೆ ಕೊಟ್ಟು, "ಸೂಪರ್‌ಚಾರ್ಜರ್ ಮುಂದಿನ ಬೇರಿಂಗ್ ಬಿಚ್ಚಿ ನೋಡು" ಅಂದ್ರು. ಪುಲ್ಲಿ ಅಲ್ಲಾಡದ ಹಾಗೆ ಹಿಡಿದು ತಿರುಗಿಸೋದು ಅದೇ. ಬಿಚ್ಚಬೇಕಂದ್ರೆ ಅರ್ಧ ದಿನದ ಕೆಲಸ. ಭಾವ ಅವತ್ತು ಅಕ್ಕನ ಜೊತೆ ಸಿನಿಮಾಗೆ ಟಿಕೆಟ್ ತಗೊಂಡಿದ್ರು. ಏನ್ಮಾಡಿದ್ರು ಗೊತ್ತಾ? ಕೈ ತೊಳೆಯೋ ಸೋಪು ತಗೊಂಡು ಓಡ್ತಿರೋ ಬೆಲ್ಟಿಗೆ ಒತ್ತಿ ಹಿಡಿದ್ರು. ಗ್ಯಾರೇಜಿನೋರ ಕಳ್ಳ ವಿದ್ಯೆ ಅದು. ಸೋಪು ಹತ್ತಿದ ತಕ್ಷಣ ಕಿರುಚಾಟ ನಿಲ್ಲುತ್ತೆ. ರೋಗ ಹಾಗೇ ಇರುತ್ತೆ, ಬೆಲ್ಟು ಇನ್ನೂ ಜಾಸ್ತಿ ಜಾರುತ್ತೆ.

ಸಂಜೆ ಮೇಸ್ತ್ರಿ ಬಂದ್ರು. ಎಂಜಿನ್ ಬೆಣ್ಣೆ ಹಾಗೆ ಓಡ್ತಿದೆ.

"ಬೇರಿಂಗ್ ನೋಡಿದ್ಯಾ?"

"ಹೂಂ, ನೋಡಿದೆ."

"ನೀನು ನೋಡಿದ್ಮೇಲೆ ಮುಗೀತು ಬಿಡು."

ಹತ್ತಿ ಹೋದ್ರು. ಬೆಟ್ಟದ ಇಳಿಜಾರಲ್ಲಿ ಬೆಲ್ಟು ಎಗರಿ ಬಿತ್ತು, ತಿರುವಲ್ಲಿ ಸ್ಟೀರಿಂಗ್ ಕಲ್ಲಾಯ್ತು, ನಡುಗೋ ಕೈ... ರಸ್ತೆ ಬದಿ ಗೋಡೆಗೆ ಹೋಗಿ ಹೊಡೆದ್ರು. ಅಲ್ಲೇ ಹೋದ್ರು.

ಎಲ್ಲರೂ ಬ್ರೇಕು ನೋಡಿದ್ರು, ಟೈರು ನೋಡಿದ್ರು. ವಯಸ್ಸಾಗಿತ್ತು, ಕಣ್ಣು ಕಾಣ್ತಿರಲಿಲ್ಲ ಅಂತ ಅವರ ತಲೇಗೇ ಕಟ್ಟಿದ್ರು. ಬೆಲ್ಟಿನ ಮಾತು ಯಾರೂ ಎತ್ತಲಿಲ್ಲ. ಗ್ಯಾರೇಜಿನ ನಲ್ಲಿ ಹತ್ರ ಆ ಸೋಪು ಹಾಗೇ ಇತ್ತು, ಬೆಲ್ಟಿನ ಆರು ಗೀಟು ಅದರ ಮೈಮೇಲೆ ಕೊರೆದು ಕೂತಿತ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ, ಭಾವನಿಗೆ ಅದನ್ನ ನೋಡೋಕೇ ಆಗಲಿಲ್ಲ. ಒಯ್ದು ಆ ಬಾವಿಗೆ ಹಾಕಿದ್ರು.

ಆಮೇಲೆ ಮೇಸ್ತ್ರಿ ಮಗಳು ಬಂದು, "ಅಪ್ಪನ ಕಾರು, ಗುಜರಿಗೆ ಹಾಕೋಕೆ ಮನಸ್ಸಿಲ್ಲ, ನೀವೇ ರಿಪೇರಿ ಮಾಡಿಕೊಡಿ ಅಣ್ಣ" ಅಂದ್ಲು. ಅಪ್ಪನ ಸ್ಕ್ರೂಡ್ರೈವರನ್ನೂ ತಂದು ಇವರ ಕೈಗೇ ಕೊಟ್ಲು. ಇವರು ಇಲ್ಲ ಅನ್ನಲಾರದೆ ತಗೊಂಡ್ರು. ಎರಡು ವರ್ಷ ಬಿಡುವಾದಾಗೆಲ್ಲ ಕೂತು ರೆಡಿ ಮಾಡಿದ್ರು. ಎಲ್ಲ ಹೊಸದು ಹಾಕಿದ್ರು... ಆ ಗಾಳಿ ಪಂಪು ಮಾತ್ರ ಹಳೇದು.

ಬಾವಿ ಹತ್ರ ನಿಂತಿದ್ರಲ್ಲ, ಅದರ ಹಿಂದಿನ ವಾರದಿಂದ ಶುರುವಾಯ್ತು ನೋಡು. ಒಂದು ಬೆಲ್ಟು ಹಾಕಿದ್ರು, ಅಂಚು ನಾರು ನಾರು. ಇನ್ನೊಂದು ಹಾಕಿದ್ರು, ಗೀಟು ಕಿತ್ಕೊಂಡು ಬಂತು. ಪುಲ್ಲಿಗಳೆಲ್ಲ ಒಂದೇ ಸಾಲಲ್ಲಿವೆಯಾ ಅಂತ ಉದ್ದನೆ ಅಳತೆ ಪಟ್ಟಿ ಹಿಡಿದು ನೋಡಿದ್ರೆ ಎಲ್ಲ ನೇರ. ಬಿಗಿ ಸರಿ ಇದೆ. ಒಂದು ಹನಿ ಎಣ್ಣೆ ಸೋರಿಲ್ಲ. ಆ ರಾತ್ರಿ ಮೂರನೇ ಬೆಲ್ಟು ಹಾಕಿದ್ರು, ಅದೂ ಕೂಗೋಕೆ ಶುರು. ಬೆಳಿಗ್ಗೆ ಆರಕ್ಕೆ ಮೇಸ್ತ್ರಿ ಮಗಳು ಕಾರು ತಗೊಂಡು ಹೋಗೋಕೆ ಬರ್ತಾಳೆ. ತಾಯಿಗೆ ಕಣ್ಣಿನ ಆಪರೇಶನ್, ಬೆಟ್ಟದ ಕೆಳಗಿನ ಆಸ್ಪತ್ರೇಲಿ. ಅವತ್ತು ತಪ್ಪಿದ್ರೆ ಮತ್ತೆ ಮೂರು ತಿಂಗಳು ಕಾಯಬೇಕು.

ಒಂದೇ ದಿನದ ಮಾತಲ್ವಾ ಅಂದ್ಕೊಂಡ್ರಂತೆ. ಮತ್ತೆ ಸೋಪು ಒತ್ತಿದ್ರು! ಆ ಬಿಲ್ಲೇನೇ ಜೇಬಿಗೆ ಹಾಕ್ಕೊಂಡು ಬಂದು ಬಾವಿಗೆ ಬಿಟ್ಟಿದ್ದು. ಅದೇ ಕಾರು, ಅದೇ ಇಳಿಜಾರು, ತಾಯಿ ಮಗಳಿಬ್ಬರೂ ಅದರಲ್ಲಿ. ಇದನ್ನ ಕೇಳಿದಾಗ ನನಗೆ ಎಂಥ ಸಿಟ್ಟು ಬಂತು ಅಂದ್ರೆ... ಹೋಗಲಿ ಬಿಡು.

ಬಾವೀಲಿ ಆ ಸದ್ದು ಕೇಳಿದ್ದೇ ಭಾವ ಓಡಿದ್ರು. ಮನೆಗಲ್ಲ, ವಾಪಸ್ ಗ್ಯಾರೇಜಿಗೆ. ಬೀಗ ತೆಗೆದ್ರು. ಕಾರು ತಣ್ಣಗೆ ನಿಂತಿದೆ, ಕೀ ಇವರ ಜೇಬಲ್ಲೇ ಇದೆ. ಆದ್ರೆ ಮೇಸ್ತ್ರಿ ಸ್ಕ್ರೂಡ್ರೈವರ್, ಯಾವಾಗಲೂ ಗೋಡೇಲಿ ನೇತಾಡೋದು, ಬಾನೆಟ್ ಮೇಲಿತ್ತು.

ಎಂಜಿನ್ ಶುರು ಮಾಡಿದ್ರು. ಹತ್ತು ನಿಮಿಷ ಬಿಸಿ ಆಗೋಕೆ ಬಿಟ್ರು. ಬೇರಿಂಗ್ ಮೇಲೆ ಸ್ಕ್ರೂಡ್ರೈವರಿನ ತುದಿ ಇಟ್ಟು ಹಿಡೀನ ಕಿವಿಗೆ ಒತ್ಕೊಂಡ್ರು.

ಮೊದಲು ಗರ್... ಗರ್... ಗರ್... ಬಾಯಲ್ಲಿ ಮರಳು ಅಗಿದ ಹಾಗೆ.

ಅದರ ಹಿಂದೆ ಉಸಿರು. ವಯಸ್ಸಾದೋರ ಉಸಿರು, ಮೂಗಲ್ಲಿ ಸಣ್ಣಗೆ ಸುಂಯ್...

ಆಮೇಲೆ, ಮೆಲ್ಲಗೆ:

"ಬೇರಿಂಗ್ ನೋಡಿದ್ಯಾ?"

ಸ್ಕ್ರೂಡ್ರೈವರ್ ಕೈ ಜಾರಿ ಠಣ್ ಅಂತ ಬಿತ್ತು. ಬಗ್ಗಿ ನೋಡಿದ್ರೆ, ಗಾಳಿ ಪಂಪಿನ ಪುಲ್ಲಿ ಕೂದಲೆಳೆಯಷ್ಟು ಅಲ್ಲಾಡ್ತಿದೆ. ತಣ್ಣಗಿದ್ದಾಗ ಬಿಗಿ, ಬಿಸಿ ಆದ್ಮೇಲೆ ಸಡಿಲ. ಅದಕ್ಕೇ ಪಟ್ಟಿ ಹಿಡಿದಾಗೆಲ್ಲ ನೇರ ಕಂಡಿತ್ತು. ಮೂರು ವರ್ಷದ ಹಿಂದೆ ಬಿಚ್ಚಿದ್ರೆ ಅವತ್ತೇ ಸಿಗ್ತಿತ್ತು.

ಎಂಜಿನ್ ಆಫ್ ಮಾಡಿ, ಬೆಲ್ಟು ಕತ್ತರಿಸಿ ಹಾಕಿದ್ರು. ಬೆಳಗಾಗೋವರೆಗೂ ದೀಪ ಆರಿಸದೆ ಕೂತಿದ್ರಂತೆ.

ಆರಕ್ಕೆ ಹುಡುಗಿ ಬಂದ್ಲು, ತಾಯಿ ಕೈ ಹಿಡ್ಕೊಂಡು. ಭಾವ ಬಾಡಿಗೆ ಕಾರು ಕರೆಸಿಟ್ಟಿದ್ರು. "ಈ ಕಾರಲ್ಲಿ ಹೋಗಬೇಡಮ್ಮ. ಬೇರಿಂಗ್ ಹೋಗಿದೆ."

ಅವಳು ಅಪ್ಪನ ಕಾರಿನ ಕಡೆ ನೋಡ್ತಾ ಕೇಳಿದ್ಲು. "ಅಪ್ಪ ಹೋದ ದಿನಾನೂ ಇದೇ ಆಗಿತ್ತಾ ಅಣ್ಣ?"

ಭಾವ ನಲ್ಲಿ ಹತ್ರ ಕೈ ತೊಳೀತಿದ್ರು. ಹೊಸ ಸೋಪು, ಆಗಷ್ಟೇ ಕಾಗದ ಬಿಚ್ಚಿದ್ದು.

"ಗೊತ್ತಿಲ್ಲಮ್ಮ" ಅಂದ್ರು.

"ಅಪ್ಪ ಯಾವಾಗಲೂ ಹೇಳೋರು, ಅವನ ಕೈಗೆ ಕೊಟ್ರೆ ನಾವು ನೋಡೋದೇ ಬೇಡ ಅಂತ" ಅಂದು ಅವಳು ತಾಯೀನ ಕಾರು ಹತ್ತಿಸಿದ್ಲು.

ಭಾವನಿಗೆ ಅಂಗೈಲಿ ಏನೋ ತರಿ ತರಿ ಅನ್ನಿಸ್ತು. ಕೈ ಬಿಚ್ಚಿ ನೋಡಿದ್ರು. ಸೋಪಿನ ಮೈಮೇಲೆ ಆರು ಗೀಟು.

ಅಲ್ಲಿಂದಾಚೆ ಯಾವ ಸೋಪು ಮುಟ್ಟಿದ್ರೂ ಅದೇ. ಪಾಪ, ನಮ್ಮಕ್ಕನಿಗೆ ಏನೂ ಗೊತ್ತಿಲ್ಲ. "ನಿನ್ನ ಭಾವನಿಗೆ ತಲೆ ಕೆಟ್ಟಿದೆ, ಬಿಚ್ಚಿದ ದಿನವೇ ಸೋಪು ಎಸೀತಾರೆ, ಈಗಂತೂ ಬಾಟಲಿಯದ್ದೇ ತರ್ತಾರೆ" ಅಂತ ನನ್ನ ಹತ್ರ ನಕ್ಕಳು. ನಾನೂ ನಕ್ಕು, ಹೋದ ಭಾನುವಾರ ಭಾವನ್ನ ರೇಗಿಸಿದೆ. ಅವರು ನಗಲಿಲ್ಲ. ಬಾಗಿಲು ಮುಂದೆ ಮಾಡಿ ಇದೆಲ್ಲ ಹೇಳಿದ್ರು.

"ಆ ಹುಡುಗಿಗೆ ಹೇಳಿಬಿಡಿ ಭಾವ" ಅಂದೆ.

"ಹೇಳ್ತೀನಿ. ನಾಳೆ. ಅಲ್ಲೀವರೆಗೂ ನೀನು ಬಾಯಿ ಬಿಡಬೇಡ."

ಇಲ್ಲ ಅಂತ ಮಾತು ಕೊಟ್ಟೆ.

ನಿನ್ನೆ ತರಕಾರಿ ಅಂಗಡೀಲಿ ಅವಳೇ ಸಿಕ್ಕಿದ್ಲು ಕಣೇ. ತಾಯಿಗೆ ಕಣ್ಣು ಚೆನ್ನಾಗಿ ಕಾಣ್ತಿದೆಯಂತೆ. "ನಿಮ್ಮ ಭಾವ ಹೇಗಿದಾರೆ? ಅಪ್ಪನ ಜಾಗದಲ್ಲಿ ಈಗ ನಮಗೆ ಅವರೇ" ಅಂದ್ಲು. ಮಾತು ನಾಲಿಗೆ ತುದಿಗೆ ಬಂತು... ನುಂಗಿಕೊಂಡೆ. "ಚೆನ್ನಾಗಿದಾರೆ" ಅಂದು ಬಂದ್ಬಿಟ್ಟೆ. ನಾಚಿಕೆ ಆಗುತ್ತೆ ನನಗೆ.

ಮನೆಗೆ ಬಂದು ಕೈ ತೊಳೆದೆ.

ಸುಳ್ಳು ಹೇಳಿ ನನಗೇನು ಬರಬೇಕು? ಬಚ್ಚಲಲ್ಲಿದೆ, ಕಿಟಕಿ ಕಟ್ಟೆ ಮೇಲೆ, ಹೋಗಿ ನೋಡು. ನಿನ್ನೆ ಬೆಳಿಗ್ಗೆ ತಾನೇ ಬಿಚ್ಚಿದ ಸೋಪು. ಉಗುರಲ್ಲಿ ಒಂದೊಂದೇ ಸವರಿ ಎಣಿಸಿದೀನಿ. ಆರು.